ಜಮಾದಾರನಿಗೆ ಕಾರಿನ ರೂಢಿ

ನಮ್ಮ ನಾಯಿಯ ಮೇಲೆ ನನಗೊಂದು ತಕರಾರಿದೆ. ನಾಯಿಗೂ ನನ್ನ ಮೇಲೆ ಒಂದು ತಕರಾರಿದೆ. ಅದರದು ನನ್ನದಕ್ಕಿಂತ ಹಳೆಯದು, ಗಟ್ಟಿಯದು. ಆದರೆ ನಾಯಿಗೆ ಬರೆಯಲು ಬರುವುದಿಲ್ಲವಾದ್ದರಿಂದ ಎರಡೂ ಕಡೆಯ ಅಹವಾಲನ್ನು ನಾನೇ ಹೇಳಬೇಕಾಗಿದೆ.

ನಾನು ದುಂಡಪ್ಪ, ಖಾನಾಪುರದ ಒಂದು ಹಂಚಿನ ಕಾರ್ಖಾನೆಯಲ್ಲಿ ಹೆಡ್ ಕ್ಲಾರ್ಕ್. ಈ ೧೯೭೯ರ ಚಳಿಗಾಲದಲ್ಲಿ ಮಾಲೀಕರು ನನ್ನನ್ನು ಬೆಳಗಾವಿಯ ಡೆಪೋಕ್ಕೆ ವರ್ಗ ಮಾಡಿದರು. ಅಲ್ಲಿಯ ಶಹಾಪುರದಲ್ಲಿ ನನ್ನ ಅತ್ತೆ ಚಂದ್ರವ್ವನವರ ಮನೆಯ ಬಾಜುವಿನಲ್ಲೇ ಬಾಡಿಗೆ ಮನೆ ಸಿಕ್ಕಿತು. ಅತ್ತೆಯವರ ಕಣ್ಣಿಗೆ ಪೊರೆ ಬಂದು, ಆಪರೇಶನ್ನಿಗೆ ದಿನ ಗೊತ್ತಾಗಿತ್ತು. ಅಷ್ಟರೊಳಗೆ ನನ್ನ ಹೆಂಡತಿ ಕಾಶವ್ವ ಅಲ್ಲಿರಲೇಬೇಕು. ಕಾಶವ್ವ ಹೋಗಬೇಕಾದರೆ ಜಮಾದಾರನೂ ಹೋಗಬೇಕು. ಜಮಾದಾರ ಎಂದರೆ ನಮ್ಮ ನಾಯಿ. ನಮಗೆ ಮಕ್ಕಳಿಲ್ಲ. ಕಾಶವ್ವ ಕಣ್ಣಿಗೆ ಬೀಳದಿದ್ದರೆ ಅದು ಎರಡು ಹೊತ್ತಿನ ಊಟ ಬಿಡುತ್ತದೆ. ಅದು ಕಣ್ಣಿಗೆ ಬೀಳದಿದ್ದರೆ ಅವಳೂ ಬಿಡುತ್ತಾಳೆ.

ಬಸ್ಸಿನವರು ನಾಯಿಯನ್ನು ಹತ್ತಿಸುವುದಿಲ್ಲ. ಅದಕ್ಕೆ ನಾನು ಬೆಳಗಾವಿ ಟಿಳಕವಾಡಿಯ ಡಾಕ್ಟರೊಬ್ಬರಿಂದ ಹತ್ತು ವರ್ಷದ ಹಳೆಯ ಫಿಯಾಟ್ ಕಾರು ಕೊಂಡೆ. ನನಗೆ ನಡೆಸಲು ಬರುತ್ತಿರಲಿಲ್ಲ. ಗ್ಯಾರೇಜಿನ ಕಲಂದರ ನಡೆಸಲು ಒಪ್ಪಿದ. ಇನ್ನು ಬಾಕಿ ಉಳಿದದ್ದು ಜಮಾದಾರನ ಒಪ್ಪಿಗೆ ಮಾತ್ರ.

ಮೊದಲ ದಿನ ಅದು ನಿದ್ದೆಯಲ್ಲಿದ್ದಾಗ ನಾನು ಅದನ್ನು ಎತ್ತಿಕೊಂಡು ಕಾರಿನ ಬಾಗಿಲಿನ ತನಕ ಒಯ್ದೆ. ಅದು ಗಡಗಡ ನಡುಗಿ, ನನ್ನ ಇಸ್ತ್ರಿ ಮಾಡಿದ ಧೋತರದ ಮೇಲೆ ಉಚ್ಚೆ ಹೊಯ್ಯಿತು. ಕಾಶವ್ವ ಓಡಿ ಬಂದಳು.

“ಎತ್ತಿ ಒಗ್ಯಾಕ ಅದೇನು ಕಟ್ಟಿಗಿ ತುಂಡೇನ್ರಿ? ತಾನಾಗೇ ಹತ್ತಿದ್ರ ಹತ್ತಲಿ. ಜೋರ ಮಾಡಬ್ಯಾಡ್ರಿ.”

“ಆತು, ನಾ ಕಲಸ್ತೀನಿ. ಮೂರು ವಾರ ಕೊಡು. ಆದ್ರ ನೀ ನಡುವ ಬಾಯಿ ಹಾಕಬಾರದು. ಇಬ್ಬರು ಗುರುಗಳಾದ್ರ ವಿದ್ಯಾ ಕೆಡತೈತಿ.”

ಹೀಗೆ ಶ್ವಾನಶಿಕ್ಷಣ ಆರಂಭವಾಯಿತು. ದಿನಾ ಸಂಜೆ ಆಫೀಸಿನಿಂದ ಬಂದು, ಅಂಗಳದಲ್ಲಿ ನಿಂತ ಕಾರಿನ ನಾಲ್ಕೂ ಬಾಗಿಲು ತೆರೆದು, ಹಿಂದಿನ ಸೀಟಿನಲ್ಲಿ ಒಂದು ದೊನ್ನೆ ಸಿಹಿ ಕುಂದಾ ಹಿಡಿದು ಕೂತು, “ಬಾರೋ ಜಮಾದಾರ, ಬಾರೋ ನನ್ನಪ್ಪ” ಎಂದು ಕರೆಯುತ್ತಿದ್ದೆ. ಅದು ಪೇರಲ ಗಿಡದ ಬುಡದಲ್ಲಿ ಕೂತು, ಕೋರ್ಟಿನಲ್ಲಿ ಸುಳ್ಳು ಸಾಕ್ಷಿಯನ್ನು ನೋಡುವ ನ್ಯಾಯಾಧೀಶರ ಹಾಗೆ ನನ್ನನ್ನು ನೋಡುತ್ತಿತ್ತು. ಕತ್ತಲಾಗುವ ಹೊತ್ತಿಗೆ ಕುಂದಾ ಹಾಳಾಗಬಾರದೆಂದು ನಾನೇ ತಿನ್ನುತ್ತಿದ್ದೆ. (ಎರಡನೇ ವಾರಕ್ಕೆ ಅಂಗಿಯ ಗುಂಡಿ ಹತ್ತುವುದು ಕಷ್ಟವಾಯಿತು.)

ಪೋಸ್ಟಮನ್ ಬಾಳಪ್ಪ ಬೇಲಿಯಾಚೆ ಸೈಕಲ್ ನಿಲ್ಲಿಸಿ ಎಂಟು ದಿವಸ ಸುಮ್ಮನೆ ನೋಡಿದ. ಒಂಬತ್ತನೇ ದಿವಸ ತಡೆಯಲಾರದೆ ಕೇಳಿದ: “ಸಾಹೇಬ್ರ, ದಿನಾ ಹಿಂಗ ಕುಂತು ಮಿಠಾಯಿ ತಿಂತೀರಲ್ಲ, ಗಾಡಿ ಯಾವಾಗ ಬಿಡ್ತದರಿ?”

ಈಗ ನಾಯಿಯ ಕಡೆಯ ಅಹವಾಲು. ಇದನ್ನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಎರಡು ವರ್ಷದ ಹಿಂದೆ, ಜಮಾದಾರ ಐದು ತಿಂಗಳ ಮರಿಯಾಗಿದ್ದಾಗ, ಕಾರ್ಖಾನೆಯ ಭಟ್ಟಿಗೆ ಕಟ್ಟಿಗೆ ತರಲು ಲಾರಿ ಜಾಂಬೋಟಿಗೆ ಹೊರಟಿತ್ತು. ಕಾಶವ್ವ ಬಾವಿಗೆ ಹೋಗಿದ್ದಾಗ ನಾನು ಮರಿಯನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಲಾರಿ ಹತ್ತಿದೆ. ಜಾಂಬೋಟಿಯ ಆಚೆ ಕಾಡಿನಲ್ಲಿ ಇಳಿಸಿದೆ. ಅದು ಇದೊಂದು ಆಟವೆಂದು ತಿಳಿದು ಬಾಲ ಅಲ್ಲಾಡಿಸುತ್ತ ನಿಂತಿತ್ತು. ಲಾರಿ ಹೊರಟ ಮೇಲೂ ಸ್ವಲ್ಪ ದೂರ ಓಡಿ ಬಂತು. ಆಮೇಲೆ ತಿರುವು ಬಂತು.

ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದರೆ, ನನ್ನ ಹೊಸ ಕೊಲ್ಹಾಪುರಿ ಚಪ್ಪಲಿ ಕಡಿದಿತ್ತು ಎನ್ನುತ್ತೇನೆ. ಅದು ಸುಳ್ಳು. ಕಾಶವ್ವ ಒಲೆಯಿಂದ ಇಳಿಸಿದ ಮೊದಲ ಬಿಸಿ ರೊಟ್ಟಿಯನ್ನು ಅದಕ್ಕೆ ಹಾಕಲು ಸುರು ಮಾಡಿದ್ದಳು. ಹನ್ನೊಂದು ವರ್ಷ ಆ ರೊಟ್ಟಿ ನನ್ನದಾಗಿತ್ತು.

ಒಂಬತ್ತು ದಿವಸ ಕಾಶವ್ವ ಊರೆಲ್ಲ ಹುಡುಕಿದಳು. ನಾನೂ ಅವಳ ಜೊತೆ ತಿರುಗಿದೆ. ಮಲಪ್ರಭೆಯ ದಂಡೆಯಲ್ಲಿ ನಿಂತು ಅವಳಿಗಿಂತ ಜೋರಾಗಿ “ಜಮಾದಾರಾ” ಎಂದು ಕೂಗಿದೆ. ಹತ್ತನೇ ದಿವಸ ಮುಂಜಾನೆ ಅದು ಎಲುಬಿನ ಗೂಡಾಗಿ, ಹಿಂಗಾಲು ಎಳೆಯುತ್ತ ಬಂತು. ಬಾಗಿಲಲ್ಲಿ ಹಲ್ಲುಜ್ಜುತ್ತಿದ್ದ ನನ್ನನ್ನು ನೋಡಿತು. ಬೊಗಳಲಿಲ್ಲ. ಸುತ್ತು ಹಾಕಿ ಹಿತ್ತಲ ಬಾಗಿಲಿನಿಂದ ಒಳಗೆ ಹೋಗಿ ಅವಳ ಕಾಲ ಹತ್ತಿರ ಬಿದ್ದುಕೊಂಡಿತು. ಅಂದಿನಿಂದ ನನಗೂ ಅದಕ್ಕೂ ನಡುವೆ ನಾಲ್ಕು ಮಾರು ಅಂತರ.

ಮೂರು ವಾರ ಮುಗಿದು ಶನಿವಾರ ಬಂತು. ಸೋಮವಾರ ಆಪರೇಶನ್. ಸಾಮಾನೆಲ್ಲ ಮೊದಲೇ ಶಹಾಪುರಕ್ಕೆ ಹೋಗಿತ್ತು. ಕಲಂದರ ಕಾರು ಚಾಲೂ ಮಾಡಿದ. ಮುಂದೆ ನಾನು, ಹಿಂದೆ ಕಾಶವ್ವ. ಜಮಾದಾರ ಮಾತ್ರ ಪೇರಲ ಗಿಡದ ಬುಡದಿಂದ ಏಳಲಿಲ್ಲ. ಅರ್ಧ ತಾಸು ನೋಡಿ ಕಾಶವ್ವ ಇಳಿದುಬಿಟ್ಟಳು.

“ಇದಕ್ಕೇನೋ ಜಡ್ಡು ಐತಿ ಕಾಣಸ್ತೈತಿ. ಇದನ್ನ ಬಿಟ್ಟು ಹೋಗಾಕ ನನ್ನ ಕಡೆ ಆಗೂದಿಲ್ರಿ. ಆಪರೇಶನ್ ಮುಂದ ಹಾಕ್ರಿ ಅಂತ ಅವ್ವಗ ಹೇಳಿ ಕಳಸ್ತೀನಿ.”

ನನ್ನ ಪಾಪಕ್ಕೆ ಆ ಮುದುಕಿಯ ಕಣ್ಣು ಯಾಕೆ ಹೋಗಬೇಕು? ಕಲಂದರನನ್ನು ಚಹಾಕ್ಕೆ ಕಳಿಸಿ, ಖಾಲಿ ಅಡಿಗೆಮನೆಯಲ್ಲಿ ನಿಂತು ಎಲ್ಲ ಹೇಳಿದೆ. ಗೋಣಿಚೀಲ, ಲಾರಿ, ತಿರುವು, ರೊಟ್ಟಿ.

ಅವಳು ಕೇಳಿದಳು: “ನೀವೂ ನನ್ನ ಜೋಡಿ ಹುಡಿಕ್ಯಾಡಿದ್ರಲ್ಲ?”

“ಹೂಂ.”

“ಹೊಳಿ ದಂಡಿಮ್ಯಾಲೆ ನಿಂತು ಕೂಗಿದ್ರಲ್ಲ?”

“ಹೂಂ.”

ಅಷ್ಟೇ. ಆ ಸಂಜೆ ದಾರಿಗೆಂದು ಕಟ್ಟಿದ ಬುತ್ತಿ ಬಿಚ್ಚಿ ನನಗೆ ಊಟ ಬಡಿಸಿದಳು, ಮಾತು ಬಡಿಸಲಿಲ್ಲ. ಮರುದಿನ ಆರು ಗಂಟೆಗೆ ಕಲಂದರ ಬಂದಾಗ ಹುಕುಂ ಹೊರಟಿತು.

“ಅದು ಅಷ್ಟು ಸಣ್ಣದಿದ್ದಾಗ ಜಾಂಬೋಟಿಂದ ನಡಕೊಂತ ಬಂತು. ಇವತ್ತು ಬೆಳಗಾವಿತನಕ ನಡೀತೈತಿ. ನೀವೂ ಅದರ ಜೋಡಿ ನಡೀರಿ.”

“ಇಪ್ಪತ್ತಾರು ಕಿಲೋಮೀಟರ್ ಐತಿ!”

“ಗೊತ್ತೈತ್ರಿ.”

ಮುಂದೆ ಆಮೆಯ ಹಾಗೆ ಕಾರು. ಅದರ ಕಿಟಕಿಯಲ್ಲಿ ಕಾಶವ್ವನ ಸೆರಗು. ಸೆರಗು ನೋಡುತ್ತ ಜಮಾದಾರ. ನಾಲ್ಕು ಮಾರು ಹಿಂದೆ ಹೆಡ್ ಕ್ಲಾರ್ಕ್ ದುಂಡಪ್ಪ. ಗಣೇಬೈಲಿನಲ್ಲಿ ಜನ ಯಾರದೋ ಮೆರವಣಿಗೆಯೆಂದು ಎದ್ದು ನಿಂತು ನಮಸ್ಕಾರ ಮಾಡಿದರು. ನಾನೂ ಮಾಡಿದೆ. ದೇಸೂರು ದಾಟುವಾಗ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿದ್ದವು. ಮಚ್ಛೆಯ ಹತ್ತಿರ ಕಾಲು ಮುಂದೆ ಹೋಗಲೊಲ್ಲದಾಯಿತು. ನನ್ನನ್ನೇ ನಾನು ಕಾರಿನ ಮುಂದಿನ ಸೀಟಿಗೆ ಹಾಕಿಕೊಂಡೆ.

ಕಾರು ಹೊರಟಿತು. ಜಮಾದಾರ ರಸ್ತೆಯ ನಡುವೆ ಕೂತುಬಿಟ್ಟಿತು.

ಕಾಶವ್ವ ನನ್ನ ಮುಖವನ್ನೂ ನೋಡದೆ ಇಳಿದು, ಅದರ ತಲೆ ಸವರಿ, ಜೊತೆಗೆ ನಡೆಯತೊಡಗಿದಳು. ಅವರಿಬ್ಬರ ಹಿಂದೆ ಕಾರು, ಕಾರಿನಲ್ಲಿ ಸಾಹುಕಾರನ ಹಾಗೆ ನಾನು. ಎದುರಿಗೆ ಹುಲ್ಲಿನ ಹೊರೆ ಹೊತ್ತು ಬಂದ ಹೆಣ್ಣುಮಗಳೊಬ್ಬಳು ನಿಂತು ಹೇಳಿದಳು: “ಹೇಂತಿನ್ನ ಬಿಸಲಾಗ ನಡಸಿ ತಾ ಗಾದಿಮ್ಯಾಲೆ ಕುಂತಾನ ನೋಡ, ಗಂಡ್ಸು!” ಅವಳ ಬೆನ್ನಿಗೆ ಒಬ್ಬ ಮುದುಕ ಅದನ್ನೇ ಮರಾಠಿಯಲ್ಲಿ, ಇನ್ನೂ ವಿವರವಾಗಿ ಹೇಳಿದ. ಎರಡೂ ಭಾಷೆ ಬಲ್ಲ ನನಗೆ ಎರಡೂ ಸಲ ತಿಳಿಯಿತು.

ನಾಚಿಕೆಯಾಗಿ ಇಳಿದೆ. ಕುಂಟುತ್ತ ಹೋಗಿ ರಸ್ತೆಬದಿಯ ಮೋರಿಯ ಕಟ್ಟೆಯ ಮೇಲೆ ಕೂತೆ. ಕಾಶವ್ವ ನೀರು ಕುಡಿಯಲೆಂದು ಕಾರಿನ ಹಿಂದಿನ ಬಾಗಿಲು ತೆಗೆದು ಸೀಟಿನ ಮೇಲೆ ಕೂತಳು.

ಜಮಾದಾರ ಬಾಗಿಲಿನ ಹತ್ತಿರ ಹೋಯಿತು. ಸೀಟು ಮೂಸಿತು. ತಿರುಗಿ ನಾನು ಎಲ್ಲಿದ್ದೇನೆಂದು ನೋಡಿತು. ಮುಂಗಾಲು ಇಟ್ಟಿತು. ಆಮೇಲೆ ಒಂದೇ ಜಿಗಿತಕ್ಕೆ ಹತ್ತಿ, ಅವಳ ತೊಡೆಯ ಮೇಲೆ ತಲೆ ಇಟ್ಟು ಮಲಗಿತು.

“ಹತ್ತಿತು! ಹತ್ತಿತು!” ಎಂದು ನಾನು ಬೊಬ್ಬೆ ಮರೆತು ಓಡಿದೆ. ಕಾರಿನ ಬಾಗಿಲಿಗೆ ಕೈ ಹಾಕಿದ್ದೇ ತಡ, ಅದು ಆ ಕಡೆಯ ಕಿಟಕಿಯಿಂದ ಹೊರಗೆ ಹಾರಿತು. ನಾನು ಹಿಂದೆ ಸರಿದೆ. ಅದು ಹತ್ತಿತು. ನಾನು ಮುಂದೆ ಬಂದೆ. ಅದು ಇಳಿಯಿತು. ಖಾತ್ರಿಯಾಗಲೆಂದು ಇನ್ನೊಂದು ಸಲ ಮಾಡಿ ನೋಡಿದೆವು.

“ಇದು ಕಾರಿಗೆ ಅಂಜೇ ಇಲ್ರಿ,” ಎಂದಳು ಕಾಶವ್ವ. ಎರಡು ದಿವಸದಲ್ಲಿ ಅವಳು ನನ್ನೊಡನೆ ಮೊದಲ ಸಲ ಮೆತ್ತಗೆ ಮಾತಾಡಿದ್ದು. ಉಳಿದದ್ದನ್ನು ಹೇಳಲಿಲ್ಲ. ಇಪ್ಪತ್ತೊಂದು ಸಂಜೆ ನಾನು ಅದೇ ಕಾರಿನಲ್ಲಿ ಕೂತು ಕರೆದಿದ್ದೆ.

ಕಲಂದರ ಸ್ಟೇರಿಂಗಿನ ಮೇಲೆ ಕಣ್ಣಿಟ್ಟು ಬಹಳ ಮರ್ಯಾದೆಯಿಂದ ಹೇಳಿದ: “ಸಾಹೇಬ್ರ, ಹನ್ನೆರಡೂವರಿಗೆ ಒಂದು ಬಸ್ಸೈತ್ರಿ. ಇಲ್ಲೇ ನಿಂದರ್ತೈತಿ.”

ಬಸ್ಸಿನಲ್ಲಿ ನಿಂತುಕೊಂಡೇ ಬೆಳಗಾವಿ ಮುಟ್ಟಿದೆ. ಶಹಾಪುರದ ಓಣಿಯಲ್ಲಿ ಕುಂಟುತ್ತ ಬಂದಾಗ ಅತ್ತೆಯವರು ಮಬ್ಬುಗಣ್ಣಿನಿಂದಲೇ ನನ್ನ ನಡಿಗೆ ನೋಡಿ, “ನಾಯಿಗೆ ಕಾಲು ನೋವೇನ ಕಾಶವ್ವ?” ಎಂದರು.

“ಅದು ಆರಾಮೈತಿ. ಅವರು ನಿನ್ನ ಅಳಿಯಾರು.”

ಮರುದಿನ ಆಪರೇಶನ್ ಚೆನ್ನಾಗಿ ಆಯಿತು. ಕಲಂದರ ಒಂದು ವಾರ ಅಲ್ಲೇ ಉಳಿದು ಕಾರು ನಡೆಸಿದ; ಕಾಶವ್ವ ಮತ್ತು ಜಮಾದಾರ ದಿನಾ ಅದರಲ್ಲಿ ಆಸ್ಪತ್ರೆಗೆ ಹೋಗಿ ಬಂದರು. ನಾನು ಸಿಟಿ ಬಸ್ಸಿಗೆ ಹೋಗಿ ಬಂದೆ. ಎಂಟನೇ ದಿವಸ ಮುಂಜಾನೆ ಅವಳು ಮೊದಲ ಬಿಸಿ ರೊಟ್ಟಿಯನ್ನು ನನ್ನ ಕೈಗೆ ಕೊಟ್ಟಳು. ನನ್ನ ಕಣ್ಣು ತುಂಬಿ ಬಂತು.

“ನಿಮಗಲ್ರಿ,” ಎಂದಳು. “ಕಾರಿನ ಹೊರಗ, ನೆಲದಮ್ಯಾಲೆ ಹೋಗಿ ಕುಂದರ್ರಿ. ಕರೀಬ್ಯಾಡ್ರಿ, ಎದ್ದು ಹೋಗಬ್ಯಾಡ್ರಿ. ರೊಟ್ಟಿ ಹಿಡಕೊಂಡು ಸುಮ್ನ ಕುಂದರ್ರಿ. ಅದು ಬಂದ್ರ ಬರ್ತೈತಿ.”

ಜಮಾದಾರ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿರುತ್ತದೆ. ನಾನು ಹೊರಗೆ ನೆಲದ ಮೇಲೆ ಕೂತಿರುತ್ತೇನೆ. ಈಗ ಮೂರನೇ ವಾರ. ನಾಲ್ಕು ಮಾರಿನಿಂದ ಸುರುವಾಗಿ, ಅದು ಇಳಿದು ಓಡದಷ್ಟು ದಿನಾ ಇಷ್ಟಿಷ್ಟೇ ಸರಿದು, ನಿನ್ನೆ ಹಿಂದಿನ ಗಾಲಿಯವರೆಗೆ ಮುಟ್ಟಿದ್ದೇನೆ. ನಾನು ಕಾರಿನ ಒಳಗೆ ಕೂರುವುದು ಯಾವಾಗ ಎಂದು ಕಾಶವ್ವನನ್ನು ಕೇಳಿದರೆ, “ಅದನ್ನ ನನ್ನ ಯಾಕ ಕೇಳ್ತೀರಿ?” ಎನ್ನುತ್ತಾಳೆ.