ಓವನ್‌ಗೂ ಪಂಪಿಗೂ ಇರುವ ಸಂಬಂಧ

೧. ಕತ್ತಿ

ಮೊದಲನೆಯ ಕೇಕನ್ನು ಅಂಗಳದ ಕಲ್ಲಿನ ಮೇಲೆ ಇಟ್ಟು ಕತ್ತಿಯಿಂದ ಕಡಿದೆ. ಅಡಿಗೆಮನೆಯ ಚೂರಿ ಆಗಲೇ ಬಾಗಿತ್ತು.

ಕೆಳಮನೆಯವರು ಬೇಲಿಯಾಚೆ ನಿಂತು ನೋಡಿದರು. ನಮ್ಮ ನೆರೆಯವರು. ನನಗಿಂತ ಎರಡು ವರ್ಷ ಚಿಕ್ಕವರು, ಮಾತು ಹತ್ತು ಪಟ್ಟು ಹೆಚ್ಚು. ನಾನು ನಿವೃತ್ತನಾಗಿ ಎಷ್ಟು ಕಾಲವಾದರೂ ಅವರಿಗೆ ನಾನು ಲೈನ್‌ಮನ್ನೇ.

"ಎಂತ ಲೈನ್‌ಮನ್ರೆ, ಸೌದೆ ಒಡೆಯುದಾ?"

"ಕೇಕ್."

ನಮ್ಮ ಅಂಗನವಾಡಿ ಟೀಚರಿಗೆ ತಿಂಗಳ ಕೊನೆಗೆ ನಿವೃತ್ತಿ. ಊರಿನ ಅರ್ಧ ಜನರ ಮೂಗು ಒರೆಸಿ ದೊಡ್ಡ ಮಾಡಿದವರು ಅವರು. ಮಹಿಳಾ ಸಂಘದ ಸಭೆಯಲ್ಲಿ ಪುತ್ತೂರಿನಿಂದ ಕೇಕ್ ತರಿಸುವ ಮಾತು ಬಂತಂತೆ. ನನ್ನ ಹೆಂಡತಿ ಎದ್ದು ನಿಂತು, "ಬೇಕರಿಯದ್ದು ಬೇಡ. ಟೀಚರು ಮೊಟ್ಟೆ ತಿನ್ನುದಿಲ್ಲ. ನಾನೇ ಮಾಡ್ತೇನೆ" ಎಂದು ಹೇಳಿ ಬಂದಳು.

ಪತ್ರೊಡೆ, ಹಲಸಿನ ಹಣ್ಣಿನ ಗಟ್ಟಿ ಎಂದರೆ ಊರಿನಲ್ಲಿ ಅವಳದ್ದೇ ಹೆಸರು. ಕೇಕ್ ಮಾತ್ರ ಜನ್ಮದಲ್ಲಿ ಮಾಡಿರಲಿಲ್ಲ. ಉಪ್ಪಿನಂಗಡಿಯಲ್ಲಿರುವ ಅವಳ ತಮ್ಮ ಹೊಸ ಓವನ್ ತೆಗೆದುಕೊಂಡು ಹಳೆಯದನ್ನು ನಮ್ಮಲ್ಲಿ ಬಿಟ್ಟು ಹೋಗಿದ್ದ. ಅದೇ ಧೈರ್ಯ.

"ಆಗದಿದ್ದರೆ?" ಎಂದು ಕೇಳಿದ್ದೆ.

"ಆಗದಿದ್ದರೆ ನಾನು ಮತ್ತೆ ಆ ಸಂಘಕ್ಕೆ ಕಾಲಿಡುದಿಲ್ಲ."

ಮೊಬೈಲಿನಲ್ಲಿ ಕೇಕ್ ಕಲಿಸುವ ಹೆಂಗಸು ಹಿಟ್ಟನ್ನು ಮೆಲ್ಲಗೆ ಕಲಸಬೇಕು ಎಂದಳು. ಇವಳಿಗೆ ಅದು ಸರಿ ಕಾಣಲಿಲ್ಲ. "ನಾದದೆ ಎಂತ ಹಿಟ್ಟು ಅದು?" ಎಂದು ಹೋಳಿಗೆಯ ಕಣಕದ ಹಾಗೆ ಅರ್ಧ ಗಂಟೆ ನಾದಿದಳು.

ಕೆಳಮನೆಯವರು ಬೇಲಿ ದಾಟಿ ಬಂದು ಕತ್ತಿಗೆ ಸಿಡಿದ ಚೂರೊಂದನ್ನು ಹೆಕ್ಕಿ ಕಲ್ಲಿಗೆ ಬಡಿದು ನೋಡಿದರು.

"ಇದು ಟೀಚರಿಗಾ?"

"ಹೂಂ."

"ಪಾಪ ಮಾರಾಯ್ರೆ. ಅವರು ಮೊನ್ನೆಯಷ್ಟೇ ಹಲ್ಲು ಕಟ್ಟಿಸಿಕೊಂಡದ್ದು."

೨. ಹಿಟ್ಟು

ಎರಡನೆಯ ಸಲ ನಾದಲಿಲ್ಲ. ಮೈದಾ, ಬೆಲ್ಲ, ಮೊಸರು, ಏಲಕ್ಕಿ, ಸೋಡಾ ಹಾಕಿ ತೆಳ್ಳಗೆ ಕಲಸಿದಳು. ಆಮೇಲೆ ಪಾತ್ರೆಗೆ ಮುಚ್ಚಳ ಹಾಕಿ ಮೂಲೆಯಲ್ಲಿ ಇಟ್ಟಳು.

"ಬೇಯಿಸುದು ಯಾವಾಗ?"

"ನಾಳೆ ಬೆಳಿಗ್ಗೆ. ಹಿಟ್ಟು ಉಬ್ಬುದು ಬೇಡವಾ?"

ಜೀವಮಾನವಿಡೀ ಇಡ್ಲಿ ತಿಂದವನು ನಾನು. ನನಗೂ ಅದೇ ಸರಿ ಎಂದು ಕಂಡಿತು.

ಬೆಳಿಗ್ಗೆ ನೋಡಿದರೆ ಹಿಟ್ಟು ಉಬ್ಬಿರಲಿಲ್ಲ. ಇದ್ದದ್ದಕ್ಕಿಂತ ಕೆಳಗೆ ಇಳಿದು ಕೂತಿತ್ತು. ಹುಳಿ ವಾಸನೆ. ಎಸೆಯುವ ಕ್ರಮ ನಮ್ಮಲ್ಲಿಲ್ಲ. ಕಾವಲಿ ಇಟ್ಟಳು, ತುಪ್ಪ ಸವರಿದಳು, ಎರೆದಳು. ಪೇಪರ್ ಓದಲು ಬಂದ ಕೆಳಮನೆಯವರು ವಾಸನೆ ಹಿಡಿದು ಅಡಿಗೆಮನೆಯ ತನಕ ಬಂದು ಮಣೆ ಹಾಕಿ ಕೂತರು. ಆರು ತಿಂದರು.

"ಅಕ್ಕ, ದೋಸೆ ಭಾರೀ ಲಾಯ್ಕುಂಟು. ಟೀಚರಿಗೆ ಇದನ್ನೇ ಮಾಡಿ ಕೊಡಿ. ಆ ಕೇಕಿನ ಗೊಡವೆ ಎಂತಕ್ಕೆ?"

ಹೆಂಡತಿ ಸಟ್ಟುಗ ಕೆಳಗಿಟ್ಟು ಹಿತ್ತಲಿಗೆ ಹೋದಳು.

"ನಾನು ತಪ್ಪು ಎಂತ ಹೇಳಿದೆ?" ಎಂದು ಅವರು ನನ್ನನ್ನು ಕೇಳಿದರು.

"ಈಗ ತಿಂದದ್ದೇ ಕೇಕ್" ಎಂದೆ.

೩. ಮೀಟರ್

ಮೂರನೆಯದಕ್ಕೆ ನಾದಲೂ ಇಲ್ಲ, ಕಾಯಲೂ ಇಲ್ಲ. ಕಲಸಿದ ಕೂಡಲೇ ಓವನ್‌ಗೆ ಇಟ್ಟಳು. ಒಂದೂವರೆ ಗಂಟೆ ಕಳೆದು ತೆಗೆದರೆ ಗಂಜಿಯ ಹಾಗೆ ಅಲುಗಾಡಿತು.

"ಓವನ್ ಹಾಳು. ಅದಕ್ಕೇ ತಮ್ಮ ಇಲ್ಲಿ ತಂದು ಹಾಕಿದ್ದು" ಎಂದಳು.

ಅಟ್ಟದಿಂದ ನನ್ನ ಹಳೆಯ ಮೀಟರ್ ಇಳಿಸಿ ಪ್ಲಗ್ಗಿಗೆ ಹಿಡಿದೆ. ನೂರ ಐವತ್ತು ವೋಲ್ಟ್. ಇನ್ನೂರ ಮೂವತ್ತು ಇರಬೇಕು.

ಕಾರಣ ನನಗೆ ಗೊತ್ತಿತ್ತು. ಬೇಸಿಗೆ. ಬೆಳಗಿನ ಜಾವ ಯಾರಿಗೂ ಕರೆಂಟಿಲ್ಲ. ಪಂಪು ಓಡಿಸುವ ತ್ರೀ ಫೇಸ್ ಕರೆಂಟು ಬೆಳಿಗ್ಗೆ ಆರಕ್ಕೆ ಬಂದು ಮಧ್ಯಾಹ್ನ ಹನ್ನೆರಡಕ್ಕೆ ಹೋಗುತ್ತದೆ. ಅಷ್ಟರೊಳಗೆ ಎಲ್ಲರ ತೋಟಕ್ಕೂ ನೀರಾಗಬೇಕು. ನಮ್ಮ ಟ್ರಾನ್ಸ್‌ಫಾರ್ಮರಿಗೆ ಏಳು ಪಂಪು. ಎಲ್ಲಕ್ಕಿಂತ ದೊಡ್ಡದು ಕೆಳಮನೆಯವರದ್ದು. ಅದು ಶುರುವಾಯಿತೆಂದರೆ ನಮ್ಮ ಬಲ್ಬು ಕೆಂಪಾಗುತ್ತದೆ.

"ಓವನ್‌ಗೆ ಎಂತದೂ ಆಗಲಿಲ್ಲ. ವೋಲ್ಟೇಜ್ ಇಲ್ಲ" ಎಂದೆ.

"ಅದನ್ನು ಯಾರಿಗೆ ಹೇಳುದು?"

"ಲೈನ್‌ಮನ್‌ಗೆ."

"ಹೇಳಲಿಕ್ಕೆ ಶುರು ಮಾಡಿ ಮೂವತ್ತನಾಲ್ಕು ವರ್ಷ ಆಯ್ತು" ಎಂದಳು.

೪. ಅರ್ಜಿ

ಮಧ್ಯಾಹ್ನ ಪಂಪುಗಳು ನಿಂತ ಮೇಲೆ ಬೇಯಿಸಿದರೆ ಅದೇ ಕೇಕ್ ಉಬ್ಬುತ್ತದೆ. ಮಾಡಿ ನೋಡಿದೆವು. ಆದರೆ ಟೀಚರ ಸಮಾರಂಭ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ.

"ಹಿಂದಿನ ದಿನ ಮಾಡಿಡು" ಎಂದೆ.

"ತಂಗಳು ತಿನ್ನಿಸಿ ಟೀಚರನ್ನು ಕಳಿಸುದಾ? ಅದಕ್ಕಿಂತ ನಾನು ಹೋಗುದೇ ಇಲ್ಲ."

ಅವಳು ಹೇಳಿದರೆ ಹೇಳಿದ್ದೇ. ಕೆಳಮನೆಗೆ ಹೋದೆ. ಏನಾದರೂ ಕೇಳಲು ಆ ಅಂಗಳಕ್ಕೆ ಇಳಿದದ್ದು ಅದೇ ಮೊದಲು.

"ಶನಿವಾರ ಎಂಟರಿಂದ ಒಂಬತ್ತು. ಪಂಪು ನಿಲ್ಲಿಸಬೇಕು."

"ಯಾಕೆ?"

"ವೋಲ್ಟೇಜ್ ಇಲ್ಲ. ಕೇಕ್ ಬೇಯುದಿಲ್ಲ."

ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಒಳಗಿದ್ದ ಹೆಂಡತಿಯನ್ನು ಕರೆದರು. "ಇಲ್ಲಿ ಬಾ ಮಾರಾಯ್ತಿ, ಕೇಳು. ಲೈನ್‌ಮನ್ರ ಮನೆಯಲ್ಲಿ ವೋಲ್ಟೇಜ್ ಇಲ್ಲವಂತೆ." ಆಮೇಲೆ ನನ್ನ ಕಡೆ ತಿರುಗಿದರು. "ನಾನು ವೋಲ್ಟೇಜ್ ಇಲ್ಲ ಅಂತ ಬಂದಾಗ ನೀವು ಎಂತ ಹೇಳ್ತಿದ್ರಿ?"

ಉತ್ತರವನ್ನೂ ಅವರೇ ಹೇಳಿದರು.

"ಅರ್ಜಿ ಕೊಡಿ ಅಂತ ಹೇಳ್ತಿದ್ರಿ. ಹಾಗಾದರೆ ಕೊಡಿ."

ತಮಾಷೆ ಎಂದುಕೊಂಡೆ. ಅವರ ಹೆಂಡತಿ ಕಾಗದ, ಪೆನ್ನು ತಂದಿಟ್ಟರು. ಬರೆದೆ. 'ಶನಿವಾರ ಬೆಳಿಗ್ಗೆ ಕೇಕ್ ಬೇಯಿಸುವ ಸಲುವಾಗಿ ತಮ್ಮ ಪಂಪನ್ನು ಒಂದು ಗಂಟೆಯ ಮಟ್ಟಿಗೆ ನಿಲ್ಲಿಸಿಕೊಡಬೇಕಾಗಿ ವಿನಂತಿ.'

ಕನ್ನಡಕ ಏರಿಸಿ ಎರಡು ಸಲ ಓದಿದರು.

"ಸಹಿ ಇಲ್ಲ."

ಸಹಿ ಹಾಕಿದೆ.

"ನೋಡುವಾ" ಎಂದರು. ಅದೂ ನನ್ನದೇ ಮಾತು.

ಶನಿವಾರ ಎಂಟಕ್ಕೆ ಹೆಂಡತಿ ಹಿಟ್ಟಿನ ಪಾತ್ರೆ ಹಿಡಿದು ಓವನ್ ಎದುರು ನಿಂತಿದ್ದಳು. ನಾನು ಮೀಟರ್ ಹಿಡಿದು ಪ್ಲಗ್ಗಿನ ಎದುರು. ನೂರ ಐವತ್ತೈದು. ಎಂಟು ದಾಟಿ ಐದು ನಿಮಿಷವಾಯಿತು. ಅವಳು ಕಿಟಕಿಯಿಂದ ಕೆಳಮನೆಯ ಕಡೆ ನೋಡಿದಳು.

ಕೆಳಗಿನ ಪಂಪು ನಿಂತಿತು. ಹಿಂದೆಯೇ ಇನ್ನೊಂದು. ಮತ್ತೊಂದು. ಏಳೂ ನಿಂತವು. ಮುಳ್ಳು ಇನ್ನೂರ ಮೂವತ್ತಕ್ಕೆ ಹಾರಿತು. ಕೆಳಮನೆಯವರು ಹಿಂದಿನ ದಿನ ಉಳಿದ ಆರು ಮನೆಗೂ ಫೋನ್ ಮಾಡಿ ನನ್ನ ಅರ್ಜಿಯನ್ನು ಓದಿ ಹೇಳಿದ್ದರಂತೆ. ಸಹಿ ಸಮೇತ ಉಂಟು ಎಂದೂ ಹೇಳಿದ್ದರಂತೆ.

"ಇಡು" ಎಂದೆ. ಇಟ್ಟಳು.

ಕೇಕ್ ಉಬ್ಬಿತು. ಪಾತ್ರೆಯ ಕಂಠದಿಂದ ಎರಡು ಬೆರಳು ಮೇಲೆ ಬಂತು.

ಹನ್ನೊಂದಕ್ಕೆ ಅಂಗನವಾಡಿಗೆ ಹೋದರೆ ಏಳು ಪಂಪಿನ ಯಜಮಾನರೂ ಇಸ್ತ್ರಿ ಹಾಕಿದ ಅಂಗಿಯಲ್ಲಿ ಮಕ್ಕಳ ಸಣ್ಣ ಕುರ್ಚಿಗಳ ಮೇಲೆ ಕೂತಿದ್ದರು. ಯಾರೂ ಕರೆದಿರಲಿಲ್ಲ. ತೋಟಕ್ಕೆ ನೀರು ನಿಲ್ಲಿಸಿದ್ದು ಎಂತದ್ದಕ್ಕೆ ಎಂದು ನೋಡಲು ಬಂದದ್ದು. ಟೀಚರು ಕೇಕ್ ಕತ್ತರಿಸಿದರು. ಚೂರಿ ಬಾಗಲಿಲ್ಲ. ಒಂದು ತುಂಡು ಬಾಯಿಗಿಟ್ಟು, "ಇದು ಪುತ್ತೂರಿನ ಯಾವ ಬೇಕರಿಯದ್ದು?" ಎಂದು ಕೇಳಿದರು.

ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ತಟ್ಟೆ ಹಿಡಿದು ಹೊರಟಳು. ಮೊದಲು ಮಕ್ಕಳಿಗೆ, ಆಮೇಲೆ ಸಂಘದವರಿಗೆ, ಆಮೇಲೆ ಏಳು ಪಂಪುಗಳಿಗೆ. ಕೆಳಮನೆಯವರು ಎರಡು ತೆಗೆದುಕೊಂಡರು. ನಾನು ಬಾಗಿಲ ಹತ್ತಿರ ಕೊನೆಯಲ್ಲಿದ್ದೆ. ನನ್ನಲ್ಲಿಗೆ ಬಂದಾಗ ತಟ್ಟೆ ಖಾಲಿ.

"ನನಗೆ?" ಎಂದೆ.

"ಅರ್ಜಿ ಕೊಡಿ" ಎಂದಳು.

ಮನೆಗೆ ಬಂದು ಬರೆದು ಕೊಟ್ಟೆ. ಸಹಿ ಮರೆಯಲಿಲ್ಲ. ಆದಿತ್ಯವಾರ, ಪಂಪುಗಳು ನಿಂತ ಮೇಲೆ, ಕೇಕ್ ಆಯಿತು.