ತಲೆ ಹೋದ ಬೋಲ್ಟು

ಎಂಜಿನ್ನಿನ ಕೆಳಗೆ ಒಂದು ತೊಟ್ಟು ಎಣ್ಣೆ ಬಿದ್ದಿತ್ತು. ಕಂಡೂ ಕಾಣದವನಂತೆ ಕಿಕ್ಕರ್ ಒದ್ದು ಹೊರಟುಬಿಟ್ಟಿದ್ದರೆ ಮೋಹನನ ಆ ಭಾನುವಾರ ಹೋಳಿಗೆ ಊಟದಲ್ಲಿ ಮುಗಿಯುತ್ತಿತ್ತು. ಆದರೆ ಅವನು ಹಾಲಿನ ಡೇರಿಯಲ್ಲಿ ಟೆಸ್ಟರ್. ಹನ್ನೊಂದು ವರ್ಷ ಊರವರ ಹಾಲಿನಲ್ಲಿ ನೀರು ಹುಡುಕಿ, ಎಲ್ಲಿ ಏನು ತೊಟ್ಟಿಕ್ಕಿದರೂ ಬಗ್ಗಿ ನೋಡುವ ಚಾಳಿ ಅಂಟಿಕೊಂಡಿತ್ತು.

ಬೈಕು ಅವನದಲ್ಲ, ಪಕ್ಕದ ಮನೆಯ ಮಹಾದೇವಯ್ಯನವರದು. ಅವರು ಕಾಫಿ ಎಸ್ಟೇಟಿನ ರೈಟರ್. ಬರೆಯುವುದು ಆಳುಗಳ ಹಾಜರಿಯಾದರೂ ಊರವರ ನಡತೆಗೂ ತಾವೇ ಹಾಜರಿ ಹಾಕುವವರಂತೆ ಮಾತಾಡುತ್ತಿದ್ದರು. ಸಕಲೇಶಪುರದಲ್ಲಿ ಮೋಹನನ ನಾದಿನಿಯ ಗೃಹಪ್ರವೇಶ. ಷಡ್ಡಕ ಕಾರು ಕೊಂಡು ವರ್ಷವಾಗಿತ್ತು. ಹಾಗಿರುವಾಗ ತಾನು ಬಸ್ಸಿನಿಂದ ಇಳಿದರೆ ತಂಗಿಯೆದುರು ಮುಖ ಎಲ್ಲಿಡಲಿ ಎಂದು ಹೆಂಡತಿ ಪೂಜಿತಾ ವಾರದಿಂದ ಹಟ ಹಿಡಿದಿದ್ದಳು. ಕಾಫಿ ಕುಯ್ಲಿನ ಕಾಲವಾದ್ದರಿಂದ ಮಹಾದೇವಯ್ಯನವರನ್ನು ಭಾನುವಾರವೂ ಎಸ್ಟೇಟಿನ ಜೀಪೇ ಕರೆದೊಯ್ಯುತ್ತಿತ್ತು. ಮೋಹನ ಕೇಳಿದ ಕೂಡಲೇ ಅವರು ಬೀಗದ ಕೈ ತಂದುಕೊಟ್ಟರು.

“ಮಗೀನಂಗೆ ಸಾಕಿರೋ ಗಾಡಿ ಕಣೋ ಮೋಹನ. ಹುಷಾರು,” ಎಂದಿದ್ದರು.

ಅಂಥ ಮಗುವಿನ ಬುಡದಲ್ಲಿ ಎಣ್ಣೆ ಜಿನುಗುತ್ತಿದ್ದುದು ಎಂಜಿನ್ನಿನ ಅಡಿಯ ಬೋಲ್ಟಿನಿಂದ, ಹಳೆಯ ಎಣ್ಣೆ ಇಳಿಸಲು ಬಿಚ್ಚುವ ಬೋಲ್ಟು ಅದು. ಸಡಿಲವಾಗಿರಬೇಕು, ಬಿಗಿ ಮಾಡಿ ಕೊಟ್ಟರೆ ರೈಟರು ಮೆಚ್ಚಿಕೊಂಡಾರು ಎಂದುಕೊಂಡು ಮೋಹನ ಸ್ಪ್ಯಾನರ್ ಹಾಕಿ ತಿರುವಿದ. ಮಾಗಿದ ಬಾಳೆಹಣ್ಣು ಗೊನೆಯಿಂದ ಕಳಚಿದ ಹಾಗೆ ಬೋಲ್ಟಿನ ತಲೆ ಅವನ ಅಂಗೈಗೆ ಬಿತ್ತು. ಮುಂಡ ಎಂಜಿನ್ನಿನೊಳಗೇ ಉಳಿಯಿತು.

ರೇಷ್ಮೆ ಸೀರೆಯುಟ್ಟು ಹೊರಗೆ ಬಂದ ಪೂಜಿತಾಳಿಗೆ ಒಂದೇ ನಿಮಿಷ ಎಂದ. ಆ ನಿಮಿಷದಲ್ಲೇ ಬೇವಿನಕಡ್ಡಿ ಅಗಿಯುತ್ತ ರಂಗಸ್ವಾಮಿ ಬಂದ. ಅವನು ಊರಿನ ಪಂಪ್‌ಸೆಟ್ ರಿಪೇರಿಯವನು. ಅವನ ಕೈ ತಾಗಿದ ಪಂಪುಗಳು ಆಮೇಲೆ ಇನ್ಯಾರ ಕೈಗೂ ಬಗ್ಗುತ್ತಿರಲಿಲ್ಲ. ಇನ್ನೂರಡಿ ಆಳದ ಪೈಪನ್ನೇ ಕಿತ್ತವನಿಗೆ ಇದ್ಯಾವ ಲೆಕ್ಕ ಎಂದು ಚಾಣ, ಸುತ್ತಿಗೆ ತರಿಸಿದ. ಸುತ್ತಲೂ ಹತ್ತು ಜನ ನೆರೆದರು. ಎದುರುಮನೆಯ ಭದ್ರಮ್ಮ ಸೀಮೆಎಣ್ಣೆ ಬಿಡಿ ಎಂದಳು, ಇನ್ನೊಬ್ಬರು ಬಿಸಿ ಮಾಡಿ ಎಂದರು, ಮತ್ತೊಬ್ಬರು ಗಾಡಿಯನ್ನೇ ಮಲಗಿಸಿ ಎಂದರು. ಮೋಹನ ಎಲ್ಲರ ಮಾತನ್ನೂ ಕೇಳಿದ. ಬೋಲ್ಟು ಯಾರ ಮಾತನ್ನೂ ಕೇಳಲಿಲ್ಲ.

ಏಳನೇ ಏಟಿಗೆ ಚಾಣ ಜಾರಿ ಎಂಜಿನ್ನಿನ ಮೇಲೆ ಗೀರು ಬಿತ್ತು. ಎಂಟನೆಯದಕ್ಕೆ ಬೋಲ್ಟಿನ ಅಂಚು ಚೂರಾಗಿ ಎಣ್ಣೆ ಧಾರೆಗಟ್ಟಿತು. ಪಾತ್ರೆ ಪಾತ್ರೆ ಎಂದು ಎಲ್ಲರೂ ಕೂಗಿದಾಗ ಮೋಹನ ಜಗಲಿಯ ಮೇಲೆ ಕೈಗೆ ಸಿಕ್ಕಿದ್ದನ್ನು ಎಳೆದು ಒಡ್ಡಿದ. ಅದು ತಂಗಿಯ ಹೊಸಮನೆಗೆಂದು ಪೂಜಿತಾ ಹೆಸರು ಕೆತ್ತಿಸಿ ತಂದಿದ್ದ ಸ್ಟೀಲಿನ ಕೊಳಗ.

ಪೂಜಿತಾ ಕೊಳಗವನ್ನೊಮ್ಮೆ, ಗಂಡನನ್ನೊಮ್ಮೆ ನೋಡಿ, ಸೆರಗು ಸಿಕ್ಕಿಸಿಕೊಂಡು ಬಸ್ ಸ್ಟಾಪಿನ ಕಡೆ ನಡೆದಳು.

ಮೋಹನ ಬೈಕು ತಳ್ಳುತ್ತ ಎರಡು ಮೈಲಿ ದೂರದ ಮಗ್ಗೆಗೆ ಹೊರಟ. ದಾರಿಯಲ್ಲಿ ಸಿಕ್ಕವರೆಲ್ಲ ಯಾಕೆಂದು ಕೇಳಿದರು. ಒಬ್ಬರಿಗೆ ಪೆಟ್ರೋಲ್ ಮುಗಿಯಿತೆಂದ, ಇನ್ನೊಬ್ಬರಿಗೆ ಸೊಂಟದ ವ್ಯಾಯಾಮವೆಂದ. ಪೆಟ್ರೋಲಿನ ಕತೆ ನಂಬಿದ ಪುಣ್ಯಾತ್ಮನೊಬ್ಬ ಎಲ್ಲಿಂದಲೋ ಬಾಟಲಿಯಲ್ಲಿ ಪೆಟ್ರೋಲ್ ತಂದು ಟ್ಯಾಂಕು ತೆರೆದ. ಟ್ಯಾಂಕು ಭರ್ತಿಯಿತ್ತು. ಆತ ಮೋಹನನ ಮುಖವನ್ನು ಎಷ್ಟು ಹೊತ್ತು ನೋಡಿದನೆಂದರೆ, ಮುಂದೆ ಸಿಕ್ಕವರಿಗೆ ಮೋಹನ ನಿಜವನ್ನೇ ಹೇಳಿದ.

ಮಗ್ಗೆಯಲ್ಲಿ ಗ್ಯಾರೇಜಿಟ್ಟಿದ್ದ ಗಯಾಜ್ ಗಾಡಿಯ ಕೆಳಗೆ ಮಲಗಿ ನೋಡಿದ. ಆಮೇಲೆ ಎದ್ದು ಕೈ ಒರೆಸಿಕೊಂಡ.

“ಮುರ್ದಿರೋ ಬೋಲ್ಟು ತೆಗೆಯೋದು ಕಷ್ಟ ಅಲ್ಲ ಅಣ್ಣ. ಮುರಿದ್ಮೇಲೆ ಯಾರ್ಯಾರೋ ಮುಟ್ಟಿರ್ತಾರಲ್ಲ, ಅದನ್ನ ಸರಿ ಮಾಡೋದೇ ಕಷ್ಟ.”

ಕರೆಂಟು ಹೋಗಿತ್ತು. ಕೈಯಲ್ಲಿ ತಿರುವುವ ಡ್ರಿಲ್ಲಿನಿಂದ ಗಯಾಜ್ ಬೋಲ್ಟಿನ ನಟ್ಟನಡುವೆ ಸಣ್ಣ ತೂತು ಕೊರೆದ. ಅದಕ್ಕೇ ಎರಡು ಗಂಟೆ ಹಿಡಿಯಿತು. ಸಕಲೇಶಪುರದಲ್ಲಿ ಈಗ ಹೋಳಿಗೆ ಬಡಿಸುತ್ತಿರಬಹುದು, ಈಗ ಚಿತ್ರಾನ್ನ, ಈಗ ಎಲೆಅಡಿಕೆ ಎಂದು ಮೋಹನ ಹಸಿದ ಹೊಟ್ಟೆಯಲ್ಲಿ ಎಣಿಸುತ್ತ ಕೂತ. ಗಯಾಜ್ ಚೌಕ ಅಂಚಿನ ಉಕ್ಕಿನ ಕಡ್ಡಿಯನ್ನು ತೂತಿಗೆ ಮೆಲ್ಲಗೆ ಬಡಿದು ಕೂರಿಸಿ, ಸ್ಪ್ಯಾನರಿನಲ್ಲಿ ಹಿಡಿದು ಎಡಕ್ಕೆ ತಿರುಗಿಸಿದ. ಅಷ್ಟು ಜನರಿಗೆ ಜಗ್ಗದಿದ್ದ ಬೋಲ್ಟು ಹಾಲುಹಲ್ಲಿನ ಹಾಗೆ ಈಚೆ ಬಂತು. ಹೊಸ ಬೋಲ್ಟು, ಹೊಸ ಎಣ್ಣೆ. ಗೀರಿನ ಮೇಲೆ ಬಣ್ಣವನ್ನೂ ಹಚ್ಚಿಕೊಟ್ಟ.

ಸಂಜೆ ಐದಕ್ಕೆ ಮೋಹನ ಜಂಬದಿಂದಲೇ ಊರು ಸೇರಿದ. ಸುದ್ದಿ ಅವನಿಗಿಂತ ಮೊದಲೇ ಸೇರಿತ್ತು. ಜಗಲಿಯಲ್ಲಿ ಕೂತಿದ್ದ ಮಹಾದೇವಯ್ಯನವರು ಎದ್ದು ಬಂದು, ಬಗ್ಗಿ, ಹೊಸ ಬೋಲ್ಟನ್ನು ಬೆರಳಿನಿಂದ ಸವರಿ ನೋಡಿದರು. ಮೋಹನ ನಿಂತಲ್ಲೇ ಎಲ್ಲ ಒಪ್ಪಿಕೊಂಡ.

ಅವರು ಬಯ್ಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಕಣ್ಣು ಮುಚ್ಚಿ, ನಂಬಿಕೆಯೆಂಬುದೂ ಬೋಲ್ಟಿನ ಹಾಗೆಯೇ, ಒಂದು ಸಲ ಮುರಿದರೆ ಕಷ್ಟ ಎಂದರು. ಅರ್ಧ ಗಂಟೆ ಹೀಗೇ ಕೇಳಿದ ಮೇಲೆ ಮೋಹನ, ಕುಯ್ಲು ಮುಗಿಯುವ ತನಕ ದಿನಾ ಬೆಳಿಗ್ಗೆ ಗಾಡಿ ತಾನೇ ತೊಳೆದುಕೊಡುವುದಾಗಿ, ಯಾರೂ ಕೇಳದಿದ್ದರೂ, ಮಾತು ಕೊಟ್ಟ. ರೈಟರು ಬೇಡವೆನ್ನಲಿಲ್ಲ.

ಆರೂವರೆಯ ಬಸ್ಸಿಗೆ ಪೂಜಿತಾ ಬಂದಳು. ಜೊತೆಯಲ್ಲಿ ತವರಿನಿಂದ ಮರಳಿದ ಗುರುಶಾಂತಮ್ಮ, ಮಹಾದೇವಯ್ಯನವರ ಹೆಂಡತಿ. ಇಬ್ಬರೂ ಬಸ್ಸಿನಲ್ಲಿ ಪಕ್ಕಪಕ್ಕ ಕೂತಿದ್ದರಂತೆ. ಪೂಜಿತಾ ಒಳಗೆ ಬಂದು ಚಪ್ಪಲಿ ಬಿಡುವುದಕ್ಕೂ ಮೊದಲೇ ಹೇಳಿದಳು.

“ಆ ಬೋಲ್ಟು ನೀವು ಮುರ್ದಿದ್ದಲ್ಲ ಕಣ್ರೀ. ಎರಡು ತಿಂಗ್ಳ ಹಿಂದೆ ರೈಟ್ರೇ ಮುರ್ದು, ತಲೆನ ಅಂಟು ಹಾಕಿ ಕೂರ್ಸಿದ್ರಂತೆ. ಯಾರಾದ್ರೂ ಗಾಡಿ ಕೇಳ್ಕೊಂಡು ಬರ್ಲಿ ಅಂತ ಕಾಯ್ತಿದ್ರಂತೆ.”

ಮೋಹನ ಜೀವಮಾನದಲ್ಲಿ ಮೊದಲ ಬಾರಿಗೆ ಪಂಚೆ ಎತ್ತಿ ಕಟ್ಟಿ, ಜಗಳಕ್ಕೆಂದೇ ಪಕ್ಕದ ಮನೆಗೆ ಹೊರಟ.

ಅಲ್ಲಿ ಬೈಕಿನ ಮೇಲೆ ರಂಗಸ್ವಾಮಿ ಕೂತಿದ್ದ. ಗದ್ದೆಯ ಪಂಪು ನೋಡಿ ಬರಲು ಗಾಡಿ ಕೇಳಿದ್ದನಂತೆ. ಮಹಾದೇವಯ್ಯನವರು ಅವನ ಬೆನ್ನು ತಟ್ಟುತ್ತಿದ್ದರು.

“ಹಿಂದಿನ ಬ್ರೇಕು ಒಸಿ ನೋಡ್ಕೊಂಡು ಹೋಗು ಮಾರಾಯ,” ಎಂದವರು, ಗೇಟಿನಲ್ಲಿ ನಿಂತ ಮೋಹನನನ್ನು ಕಂಡು ಮುಖವರಳಿಸಿದರು. “ಗದ್ದೆ ದಾರಿಲಿ ಕೆಸರಾಯ್ತದೆ ಅಂತ ಯೋಚ್ನೆ ಮಾಡ್ಬೇಡ ರಂಗಸ್ವಾಮಿ. ಬೆಳಿಗ್ಗೆ ತೊಳೆಯಾಕೆ ನಮ್ ಮೋಹನ ಅವ್ನೆ.”