ಗೇಣುದ್ದದ ಮೊಳೆ

ಆ ಮೊಳೆಯನ್ನು ಗುಮಾಸ್ತರು ಅಂಗಡಿಯಿಂದ ತಂದಿದ್ದರೆ ಯಾವ ರಗಳೆಯೂ ಇರುತ್ತಿರಲಿಲ್ಲ. ಆದರೆ ಅದನ್ನು ಅವರು ತಮ್ಮ ಕೈಯಾರೆ ಮಾಡಿದ್ದರು. ಮಾಡಲು ಹದಿಮೂರು ಭಾನುವಾರ ಹಿಡಿದಿತ್ತು.

ಗುಮಾಸ್ತರದು ಟಪಾಲು ವಿಭಾಗ. ಒಳಗೆ ಬಂದ ಕಾಗದಕ್ಕೆ ‘ಬಂದಿದೆ’ ಎಂದೂ ಹೊರಗೆ ಹೋಗುವ ಕಾಗದಕ್ಕೆ ‘ಹೋಗಿದೆ’ ಎಂದೂ ಮೊಹರು ಒತ್ತುವುದು ಅವರ ಕೆಲಸ. ಹತ್ತೊಂಬತ್ತು ವರ್ಷ ಒತ್ತಿದ ಮೇಲೆ ಅವರಿಗೆ ಒಂದು ಅನುಮಾನ ಶುರುವಾಗಿತ್ತು: ಇಷ್ಟು ವರ್ಷದಲ್ಲಿ ನಾನು ಮಾಡಿದ್ದು ಅಂತ ತೋರಿಸೋಕೆ ಏನಾದರೂ ಇದೆಯಾ? ಬಂದದ್ದು ಬಂದಿತ್ತು, ಹೋದದ್ದು ಹೋಗಿತ್ತು. ಉಳಿದದ್ದು ಬಲಭುಜದ ನೋವು ಮಾತ್ರ.

ಹೀಗಿರುವಾಗ ಆಫೀಸಿನ ಬೀರುವಿನ ತಿರುಗಣಿ ಮುರಿದು, ಅದನ್ನು ಹಿಡಿದುಕೊಂಡು ಅವರು ಊರಾಚೆಯ ಕುಲುಮೆಗೆ ಹೋಗಬೇಕಾಯಿತು. ಅಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಕೆಂಪಗೆ ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದು, ಮೊಮ್ಮಗಳಿಗೆ ಜಡೆ ಹೆಣೆದಷ್ಟು ಸಲೀಸಾಗಿ ತಿರುಚುತ್ತಿದ್ದರು. ಗುಮಾಸ್ತರು ಬಾಯಿ ಬಿಟ್ಟುಕೊಂಡು ನೋಡಿದರು.

“ಅಜ್ಜಿ, ನಂಗೂ ಕಲಿಸ್ತೀರಾ?”

ಅಜ್ಜಿ ಅವರ ಕೈಯನ್ನು ಹಿಡಿದು ತಿರುಗಿಸಿ ನೋಡಿದರು. “ಈ ಕೈಲಿ ಏನ್ ಕೆಲ್ಸ ಮಾಡ್ತೀಯಪ್ಪ?”

“ಮೊಹರು ಒತ್ತುತೀನಿ.”

“ಹಂಗಾದ್ರೆ ಕುಟ್ಟೋದಾದ್ರೂ ಬರುತ್ತೆ. ಭಾನುವಾರ ಬಾ.”

ಮನೆಯಲ್ಲಿ ವಿಷಯ ತಿಳಿಸಿದಾಗ ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಳು. “ವಾರವೆಲ್ಲ ಆಫೀಸಲ್ಲಿ ಕುಟ್ಟಿದ್ದು ಸಾಲ್ದು ಅಂತ ಭಾನುವಾರಾನೂ ಕುಟ್ಟೋಕೆ ಹೊರಟ್ರಾ?”

ಹೊರಟರು. ಮೊದಲ ತಿಂಗಳು ಚಾಕು ಮಾಡಲು ಹೋಗಿ ಅದು ಚಮಚದಂತೆ ಬಂತು. ಚಮಚ ಮಾಡಲು ಹೋದಾಗ ಏನೂ ಬರಲಿಲ್ಲ, ಮೂರು ಅಂಗಿ ಮಾತ್ರ ಸುಟ್ಟು ಹೋದವು. ಒಂದು ಕಿಡಿ ಹಾರಿ ಮೀಸೆಯ ಎಡಭಾಗ ಸುಟ್ಟಾಗ, ಬಲಭಾಗವನ್ನೂ ಬೋಳಿಸಿಬಿಡಿ ಎಂದು ಹೆಂಡತಿಯೇ ಸಲಹೆ ಕೊಟ್ಟಳು. ಕೊನೆಗೆ ಅಜ್ಜಿ, “ಮೊದ್ಲು ಒಂದು ಮೊಳೆ ಮಾಡು. ಮೊಳೆ ಬರ್ದೇ ಇದ್ದೋನಿಗೆ ಬೇರೆ ಯಾವ್ದೂ ಬರಲ್ಲ” ಎಂದು ಒಂದು ಸರಳಿನ ತುಂಡು ಕೊಟ್ಟರು.

ಗುಮಾಸ್ತರು ನಾಲ್ಕಂಗುಲದ ಮೊಳೆ ಮಾಡಬೇಕೆಂದಿದ್ದರು. ಆದರೆ ಕಬ್ಬಿಣ ಕುಟ್ಟಿದಷ್ಟೂ ಉದ್ದವಾಗುತ್ತಾ ಹೋಯಿತು, ಆಫೀಸಿನ ಫೈಲಿನ ಹಾಗೆ. ಹದಿಮೂರನೆಯ ಭಾನುವಾರ ಬೆಳಗ್ಗೆ ಎಂಟೂವರೆಗೆ ಅವರು ಅದನ್ನು ನೀರಿಗೆ ಅದ್ದಿದಾಗ ಅದು ಚುಂಯ್ ಎಂದಿತು. ಸರಿಯಾಗಿ ಒಂದು ಗೇಣು ಇತ್ತು. ಅಜ್ಜಿ ಆ ಹೊತ್ತಿಗೆ ಯಾರದೋ ಗೇಟು ಕೂರಿಸಲು ಹೋಗಿದ್ದರು. ಗುಮಾಸ್ತರಿಗೆ ಕಾಯುವ ತಾಳ್ಮೆ ಇರಲಿಲ್ಲ. ಕರವಸ್ತ್ರದಲ್ಲಿ ಸುತ್ತಿಕೊಂಡು, ಹೊಸ ಕೂಸನ್ನು ಆಸ್ಪತ್ರೆಯಿಂದ ಮನೆಗೆ ತರುವವರಂತೆ ಮೆಲ್ಲಗೆ ನಡೆದು ಬಂದರು.

ಊಟದ ಮೇಜಿನ ಮೇಲೆ ಕರವಸ್ತ್ರ ಬಿಚ್ಚಿದರು. ಹೈಸ್ಕೂಲಿನಲ್ಲಿ ಓದುವ ಮಗಳು ಬಗ್ಗಿ ನೋಡಿದಳು.

“ಅಪ್ಪ, ಇದು ಮೊಳೆನಾ, ಗೂಟಾನಾ?”

“ಮೊಳೆ ಕಣೇ. ತಲೆ ನೋಡು, ಮೊನೆ ನೋಡು!”

“ಸರಿ, ಮೊಳೆ ಅಂತಾನೇ ಇಟ್ಕೊಳ್ಳೋಣ” ಎಂದಳು ಹೆಂಡತಿ. “ಹೆಂಗೂ ಮಾಡಿದೀರ, ಉಪಯೋಗಕ್ಕಾದ್ರೂ ಬರ್ಲಿ. ಮಧ್ಯಾಹ್ನ ಅಣ್ಣ ಊಟಕ್ಕೆ ಬರ್ತಿದಾನೆ. ಅಷ್ಟರೊಳಗೆ ಆ ಕನ್ನಡಿ ಗೋಡೆ ಮೇಲಿರ್ಬೇಕು.”

ಆಳೆತ್ತರದ ಆ ಕನ್ನಡಿ, ಎಂಟು ತಿಂಗಳ ಹಿಂದೆ ಅವರು ಈ ಬಾಡಿಗೆ ಮನೆಗೆ ಬಂದಾಗ ಅವಳ ಅಣ್ಣ ಕೊಟ್ಟ ಉಡುಗೊರೆ. ಅದರ ಚೌಕಟ್ಟಿನ ಭಾರಕ್ಕೆ ತಾಳುವ ಮೊಳೆ ಸಿಗದೆ, ಅದು ಬೀರುವಿನ ಹಿಂದೆ ಮುಖ ಮರೆಸಿಕೊಂಡು ನಿಂತಿತ್ತು. ಅಣ್ಣನಿಗೆ ತಾನು ಕೊಟ್ಟ ವಸ್ತು ಯಾರ ಮನೆಯಲ್ಲಿ ಎಲ್ಲಿದೆ ಎಂದು ನೋಡುವ ಚಾಳಿ.

“ಆದ್ರೆ ಗೋಡೆಗೆ ಮೊಳೆ ಹೊಡೀಬೇಡಿ ಅಂತ ಮಾಲೀಕ್ರು ಕರಾರು ಪತ್ರದಲ್ಲೇ ಬರ್ಸಿದಾರಲ್ಲ?” ಎಂದು ಮಗಳು ನೆನಪಿಸಿದಳು.

“ಒಂದೇ ಒಂದು ತಾನೆ? ಮೇಲೆ ಕನ್ನಡಿ ಬರುತ್ತೆ. ಯಾರಿಗೆ ಕಾಣುತ್ತೆ?” ಎಂದು ಗುಮಾಸ್ತರು ಸುತ್ತಿಗೆ ಎತ್ತಿಕೊಂಡರು.

ಮೊದಲ ಏಟಿಗೇ ಮೊಳೆ ಕಚ್ಚಿಕೊಂಡಿತು. ಎರಡನೆಯದಕ್ಕೆ ಇಳಿಯಿತು. ಅಂಗಡಿಯ ಮೊಳೆಗಳು ಇದೇ ಗೋಡೆಯಲ್ಲಿ ಸೊಟ್ಟಗಾಗಿ ಮಂಚದ ಕೆಳಗೆ ಹಾರಿದ್ದವು. ಇದೋ, ಬೆಣ್ಣೆಗೆ ಬೆರಳಿಟ್ಟಂತೆ ಹೋಗುತ್ತಿತ್ತು. ಗುಮಾಸ್ತರಿಗೆ ಮೈಮೇಲೆ ಬಂದಂತಾಯಿತು. ಹತ್ತೊಂಬತ್ತು ವರ್ಷ ಮೊಹರು ಒತ್ತಿದ ತೋಳು, ಕಣ್ಣು ಮುಚ್ಚಿದರೂ ಗುರಿ ತಪ್ಪುತ್ತಿರಲಿಲ್ಲ. ಧಡ್, ಧಡ್, ಧಡ್.

“ಸಾಕು ರೀ!” ಎಂದು ಹೆಂಡತಿ ಕೂಗುವಷ್ಟರಲ್ಲಿ ಗೋಡೆಯ ಆ ಕಡೆಯಿಂದ ಏನೋ ಉದುರಿದ ಸದ್ದಾಯಿತು. ಆಮೇಲೆ ಬಾಗಿಲು ಬಡಿದ ಸದ್ದು.

ಬಂದವರು ಪಕ್ಕದ ಮನೆಯ ಲೆಕ್ಕದ ಮೇಷ್ಟ್ರು. ನಿವೃತ್ತರು, ಒಂಟಿ ಜೀವ. ಕೈಯಲ್ಲಿ ಅಡಿಪಟ್ಟಿ ಇತ್ತು.

“ಗುಮಾಸ್ತ್ರೇ, ನಿಮ್ಮ ಮೊಳೆ ನಮ್ಮ ಮನೇಗೆ ಬಂದಿದೆ” ಎಂದರು, ದಾರಿ ತಪ್ಪಿದ ಕರುವಿನ ಸುದ್ದಿ ತಂದವರಂತೆ. “ಎರಡೂಕಾಲು ಅಂಗುಲ. ಅಳೆದೇ ಬಂದೆ. ಗೋಡೆಗೆ ಅಂಟಿಸಿದ್ದ ಕ್ಯಾಲೆಂಡರ್ ತೂತಾಗಿದೆ. ಅದೂ ಇವತ್ತಿನ ತಾರೀಖಿಗೇ! ಹಾಗಾಗೋ ಸಂಭವ ಮೂವತ್ತರಲ್ಲಿ ಒಂದು.”

“ಅಯ್ಯೋ, ತಪ್ಪಾಯ್ತು ಮೇಷ್ಟ್ರೇ, ಈಗ್ಲೇ ಕಿತ್ತುಬಿಡ್ತೀನಿ.”

ಕೀಳಲು ಹೋದಾಗ ಇಕ್ಕಳ ಜಾರಿತು. ಸುತ್ತಿಗೆಯ ಹಿಂಬದಿಯ ಕೊಂಡಿ ಹಾಕಿ ಎಳೆದಾಗ ಸುತ್ತಿಗೆಯ ಹಿಡಿಯೇ ಮುರಿಯಿತು. ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ತಂದು ಮೊಳೆಯ ತಲೆಗೆ ಕಟ್ಟಿ, ಗುಮಾಸ್ತರು, ಅವರ ಹಿಂದೆ ಹೆಂಡತಿ, ಅವಳ ಹಿಂದೆ ಮಗಳು ನಿಂತು ಎಳೆದರು. ಹಗ್ಗ ತುಂಡಾಗಿ ಮೂವರೂ ಸೋಫಾದ ಮೇಲೆ ಒಬ್ಬರ ಮೇಲೊಬ್ಬರು ಬಿದ್ದರು.

“ನೀವು ಎಳೀರಿ, ನಾನು ಆ ಕಡೆಯಿಂದ ದೂಡ್ತೀನಿ. ಎರಡು ಬಲ ಒಂದೇ ದಿಕ್ಕಿಗೆ ಸೇರಿದ್ರೆ ಬರಲೇಬೇಕು” ಎಂದು ಮೇಷ್ಟ್ರು ಉತ್ಸಾಹದಿಂದ ತಮ್ಮ ಮನೆಗೆ ಓಡಿ, ರುಬ್ಬುವ ಗುಂಡುಕಲ್ಲು ಎತ್ತಿ ಮೊನೆಗೆ ಒಂದು ಕೊಟ್ಟರು. ಮೊಳೆ ಹಿಂದೆ ಸರಿಯಲಿಲ್ಲ. ಮೊನೆ ಮೇಲಕ್ಕೆ ಬಾಗಿ ಕೊಕ್ಕೆಯಂತಾಯಿತು. ಈಗ ಅದು ಗೋಡೆಯ ಎರಡೂ ಕಡೆಯಿಂದ ಭದ್ರ.

ಗಲಾಟೆಗೆ ಮಹಡಿಯ ಮೇಲಿನ ವಕೀಲರೂ ಇಳಿದು ಬಂದರು. ಕೇಸು ಕಡಿಮೆ ಇದ್ದು ಬಿಡುವು ಜಾಸ್ತಿ ಇದ್ದ ಮನುಷ್ಯ. ಎರಡೂ ಮನೆಗೆ ಹೋಗಿ ಸ್ಥಳ ಪರಿಶೀಲನೆ ನಡೆಸಿ, ಕನ್ನಡಕ ಒರೆಸಿಕೊಂಡು ಹೇಳಿದರು: “ತಲೆ ಇವರ ಸ್ವಾಧೀನದಲ್ಲಿದೆ. ಮೊನೆ ಅವರ ಸ್ವಾಧೀನದಲ್ಲಿದೆ. ನಡು ಮಾಲೀಕ್ರ ಗೋಡೇಲಿದೆ. ಇದು ಜಂಟಿ ಮೊಳೆ. ಒಬ್ಬರೇ ಕೀಳೋ ಹಾಗಿಲ್ಲ.”

“ಮೂರು ಜನ ಸೇರಿದ್ರೂ ಬರ್ತಿಲ್ಲ ಅಂತಾನೇ ತೊಂದ್ರೆ ಸಾರ್” ಎಂದರು ಗುಮಾಸ್ತರು.

“ಇನ್ನೊಂದು ವಿಷ್ಯ.” ವಕೀಲರು ಸ್ವಲ್ಪ ತಡವರಿಸಿದರು. “ಮಾಲೀಕ್ರಿಗೆ ನಾನೇ ಫೋನ್ ಮಾಡ್ಬಿಟ್ಟೆ. ಆಗ ಮೊಳೆ ಅಂತ ಗೊತ್ತಿರ್ಲಿಲ್ಲ. ಯಾರೋ ಕುಟ್ತಿದಾರೆ, ಮನೆ ಅಲ್ಲಾಡ್ತಿದೆ ಅಂತಷ್ಟೇ ಹೇಳ್ದೆ. ಬರ್ತಿದಾರೆ.”

ಹೆಂಡತಿ ಕುಸಿದು ಕೂತಳು. ಮಾಲೀಕರದು ಪೇಟೆಯಲ್ಲಿ ದೊಡ್ಡ ಹಾರ್ಡ್‌ವೇರ್ ಅಂಗಡಿ. ದಿನಕ್ಕೆ ಮೂಟೆಗಟ್ಟಲೆ ಮೊಳೆ ಮಾರುವ ಅವರು, ತಮ್ಮ ಮನೆಗಳ ಗೋಡೆಯಲ್ಲಿ ಒಂದೇ ಒಂದು ಮೊಳೆ ಕಂಡರೂ ಮನೆ ಖಾಲಿ ಮಾಡಿಸುತ್ತಿದ್ದರು.

ಮಗಳು ಸೈಕಲ್ ಹತ್ತಿ ಕುಲುಮೆಗೆ ಹೋಗಿ ಅಜ್ಜಿಯನ್ನು ಹಿಂದೆ ಕೂರಿಸಿಕೊಂಡು ಬಂದಳು. ಅಜ್ಜಿ ಉದುರಿದ ಗಾರೆಯನ್ನಾಗಲಿ ಸುತ್ತ ನಿಂತವರನ್ನಾಗಲಿ ನೋಡಲಿಲ್ಲ. ನೇರ ಮೊಳೆಯ ಹತ್ತಿರ ಹೋದರು. ಅದರ ತಲೆಯ ಮೇಲೆ ಹೆಬ್ಬೆರಳು ಆಡಿಸಿದರು. ಹಿಡಿದು ಅಲ್ಲಾಡಿಸಿದರು. ಅದು ಅಲ್ಲಾಡಲಿಲ್ಲ. ಆಮೇಲೆ ಗುಮಾಸ್ತರ ಕಡೆ ತಿರುಗಿದರು.

“ಇದು ಮೊಳೆ” ಎಂದರು.

ಅಷ್ಟೇ. ಆದರೆ ಹದಿಮೂರು ಭಾನುವಾರದಲ್ಲಿ ಅಜ್ಜಿ ಅವರ ಕೈಕೆಲಸಕ್ಕೆ ‘ಥೂ’ ಎನ್ನುವುದನ್ನು ಬಿಟ್ಟು ಬೇರೆ ಮಾತಾಡಿದ್ದು ಅದೇ ಮೊದಲು.

“ಕತ್ತರಿಸಿ ತೆಗೀತೀರಾ ಅಜ್ಜಿ?” ಹೆಂಡತಿ ಅಂಗಲಾಚಿದಳು.

“ನಾನಾ? ಇಂಥದ್ದನ್ನ ಕತ್ತರ್ಸೋಕೆ ನಂಗೆ ಮನಸ್ಸು ಬರಲ್ಲ ತಾಯಿ. ಏನೋ ತೂಗುಹಾಕ್ಬೇಕು ಅಂತಿದ್ರಲ್ಲ, ಹಾಕಿ” ಎಂದು ಹೇಳಿ, ಅಜ್ಜಿ ಬಂದ ಹಾಗೇ ಮಗಳ ಸೈಕಲ್ಲಿನ ಹಿಂದೆ ಕೂತು ವಾಪಸ್ಸು ಹೋದರು.

ಅದೂ ಸರಿಯೆನಿಸಿತು. ವಕೀಲರು, ಮೇಷ್ಟ್ರು, ಗುಮಾಸ್ತರು ಸೇರಿ ಏದುಸಿರು ಬಿಡುತ್ತಾ ಕನ್ನಡಿಯನ್ನು ಎತ್ತಿ ಮೊಳೆಗೆ ತಗುಲಿಸಿದರು. ಮೊಳೆ ಕಮಕ್ ಕಿಮಕ್ ಅನ್ನಲಿಲ್ಲ. ಹೆಂಡತಿ ನೆಲ ಗುಡಿಸಿದಳು. ಆ ಕಡೆ ಮೇಷ್ಟ್ರು ಕೊಕ್ಕೆಗೆ ಅಂಗಿ, ಅದರ ಮೇಲೆ ಕೊಡೆ, ಅದರ ಮೇಲೆ ಟೋಪಿ ನೇತುಹಾಕಿ, “ಬಹಳ ಅನುಕೂಲವಾಯ್ತು ಕಣ್ರೀ” ಎಂದು ಗೋಡೆಯಾಚೆಯಿಂದ ಕೂಗಿ ಹೇಳಿದರು.

ಹನ್ನೆರಡೂವರೆಗೆ ಮಾಲೀಕರು ಬಂದರು. ಗೋಡೆಗಳನ್ನು ಅಂಗೈಯಿಂದ ತಟ್ಟಿ ನೋಡಿದರು.

“ಏನ್ರಮ್ಮ, ಏನೋ ಕುಟ್ತಿದ್ರಂತೆ?”

“ಮಂಚದ ಕಾಲು ಸಡಿಲ ಆಗಿತ್ತು ಸಾರ್, ಇವ್ರು ಸರಿ ಮಾಡ್ತಿದ್ರು. ಕೂತ್ಕೊಳ್ಳಿ, ಕಾಫಿ ತರ್ತೀನಿ” ಎಂದಳು ಹೆಂಡತಿ, ಕಣ್ಣು ಮಿಟುಕಿಸದೆ.

ಮಾಲೀಕರು ಕೂತರು. ಕಾಫಿ ಅರ್ಧ ಮುಗಿಯುವ ಹೊತ್ತಿಗೆ ಹೆಂಡತಿಯ ಅಣ್ಣ ಬಂದ. ಒಳಗೆ ಕಾಲಿಟ್ಟವನೇ ಕನ್ನಡಿ ನೋಡಿ ಮುಖವರಳಿಸಿದ. ಗುಮಾಸ್ತರೂ ಹೆಂಡತಿಯೂ ಒಬ್ಬರನ್ನೊಬ್ಬರು ನೋಡಿ ನಿಟ್ಟುಸಿರು ಬಿಟ್ಟರು.

“ಅಬ್ಬ, ಜೋಪಾನವಾಗಿ ಇಟ್ಟಿದೀರಿ ಭಾವ!” ಎಂದ ಅಣ್ಣ. “ಹೇಳೋಕೆ ಸಂಕೋಚ ಆಗುತ್ತೆ ಕಣಮ್ಮ, ತಂಗಿ. ಅವತ್ತು ಎರಡು ಕನ್ನಡಿ ತಗೊಂಡಿದ್ದೆ. ಪೊಟ್ಟಣ ಕಟ್ಟೋವಾಗ ಅದಲು ಬದಲಾಯ್ತು. ನಿಮಗೆ ಅಂತ ತಂದಿದ್ದು ಇದು.” ಚೀಲದಿಂದ ಅಂಗೈಯಗಲದ, ಮೇಜಿನ ಮೇಲಿಡುವ ಒಂದು ಕನ್ನಡಿ ತೆಗೆದ. “ಎಂಟು ತಿಂಗಳಿಂದ ನಿಮ್ಮತ್ತಿಗೆ ನನ್ನ ಪ್ರಾಣ ತಿಂತಿದಾಳೆ. ಹೊರಗೆ ಗಾಡಿ ನಿಲ್ಸಿದೀನಿ.”

ಯಾರೂ ಬಾಯಿ ತೆರೆಯುವ ಮೊದಲೇ ದಾಂಡಿಗನಾದ ಅವನು ದೊಡ್ಡ ಕನ್ನಡಿಯನ್ನು ತಬ್ಬಿ ಎತ್ತಿ ಕೆಳಗಿಳಿಸಿದ. ಬಿಳಿ ಗೋಡೆಯ ನಟ್ಟನಡುವೆ ಮೊಳೆ ಕಪ್ಪಗೆ, ಗಟ್ಟಿಯಾಗಿ ನಿಂತಿತ್ತು.

ಮಾಲೀಕರು ಲೋಟ ಕೆಳಗಿಟ್ಟರು. “ಏನದು?”

“ಅದು ಮೊದ್ಲಿಂದ್ಲೂ ಇತ್ತು ಸಾರ್!” ಹೆಂಡತಿ ತಟ್ಟನೆ ಹೇಳಿದಳು. “ನಾವು ಬರೋಕೆ ಮುಂಚೆಯಿಂದ್ಲೂ.”

ಮಾಲೀಕರು ಎದ್ದು ಹತ್ತಿರ ಹೋದರು. ಸ್ವಲ್ಪ ಹೊತ್ತು ನೋಡಿದರು. ತಲೆಯಾಡಿಸಿದರು.

“ಹಿಂದೆ ಇದ್ದೋನು ಅಂಥೋನೇ. ಹೋಗ್ಲಿ, ಅದಕ್ಕೆ ನೀವೇನು ಮಾಡ್ತೀರಿ? ನಾನೇ ಆಳು ಕಳಿಸಿ ತೆಗೆಸ್ತೀನಿ.”

ಹೆಂಡತಿಯ ಮುಖಕ್ಕೆ ರಕ್ತ ಮರಳಿತು. ಎಲ್ಲ ಅಲ್ಲಿಗೆ ಮುಗಿಯಬೇಕಿತ್ತು. ಮಾಲೀಕರು ಹೊರಡಲೆಂದು ತಿರುಗಿದವರು, ಅಂಗಡಿಯವರಲ್ಲವೇ, ಮತ್ತೊಮ್ಮೆ ಮೊಳೆಯತ್ತ ನೋಡಿದರು.

“ಎಂಥ ದರಿದ್ರ ಮೊಳೆ ಇದು! ತಲೆ ನೋಡಿ, ಹುಳುಕು ಹಲ್ಲಿನ ಹಾಗಿದೆ.”

ಗುಮಾಸ್ತರು ಉಗುಳು ನುಂಗಿದರು. ಹೆಂಡತಿ ಅವರ ಕಾಲು ತುಳಿದಳು.

“ನಮ್ಮಂಗಡೀಗೆ ಇಂಥದ್ದು ಬಂದಿದ್ರೆ ಸೀದಾ ಗುಜರಿಗೆ ಎಸೀತಿದ್ದೆ.”

ಗುಮಾಸ್ತರ ಕಿವಿ ಕೆಂಪಾಯಿತು. ಹೆಂಡತಿ ಇನ್ನೊಂದು ಕಾಲನ್ನೂ ತುಳಿದಳು.

“ಯಾವನೋ ಕೈಲಾಗದೋನು ಮಾಡಿರ್ಬೇಕು. ಇದನ್ನ ಮೊಳೆ ಅನ್ನೋಕಾಗುತ್ತೇನ್ರೀ?”

“ಆಗುತ್ತೆ!” ಎಂದು ಗುಮಾಸ್ತರು ಗುಡುಗಿದರು. ಲೋಟ ನಡುಗಿತು. “ಇದು ಮೊಳೆ ಸಾರ್! ಹದಿಮೂರು ಭಾನುವಾರ ಕೂತು ನನ್ನ ಕೈಯಾರೆ ಮಾಡಿದ್ದು. ಇವತ್ತು ಬೆಳಗ್ಗೆ ನಾನೇ ಹೊಡೆದಿದ್ದು. ನಿಮ್ಮಂಗಡಿ ಮೊಳೆ ಈ ಗೋಡೇಲಿ ಅರ್ಧ ಅಂಗುಲ ಹೋಗಲ್ಲ. ಇದು ಪೂರ್ತಿ ದಾಟಿ ಆ ಕಡೆ ಎರಡೂಕಾಲು ಅಂಗುಲ ಬಂದಿದೆ! ನಂಬಿಕೆ ಇಲ್ದಿದ್ರೆ ಬನ್ನಿ, ಮೇಷ್ಟ್ರ ಮನೇಲಿ ತೋರಿಸ್ತೀನಿ!”

ಹೆಂಡತಿ ಕಣ್ಣು ಮುಚ್ಚಿಕೊಂಡಳು. ಗುಮಾಸ್ತರು ಮಾಲೀಕರ ರಟ್ಟೆ ಹಿಡಿದು ಪಕ್ಕದ ಮನೆಗೆ ಕರೆದೊಯ್ದರು. ಟೋಪಿ ತೆಗೆದು, ಕೊಡೆ ತೆಗೆದು, ಅಂಗಿ ತೆಗೆದು, ಪರದೆ ಸರಿಸುವವರಂತೆ ಕ್ಯಾಲೆಂಡರನ್ನೂ ಹರಿದು ತೋರಿಸಿದರು. ಮೇಷ್ಟ್ರು ಕೇಳದಿದ್ದರೂ ಅಡಿಪಟ್ಟಿ ಹಿಡಿದು, “ಎರಡೂಕಾಲು ಸರಿಯಾಗಿದೆ. ಬಾಗಿದ್ದನ್ನೂ ಸೇರಿಸಿ” ಎಂದು ಸಾಕ್ಷಿ ನುಡಿದರು.

ಮಾಲೀಕರು ಕೊಕ್ಕೆಯನ್ನು ನೋಡಿದರು, ಉದುರಿದ ಗಾರೆಯನ್ನು ನೋಡಿದರು, ಎದೆಯುಬ್ಬಿಸಿ ನಿಂತ ಗುಮಾಸ್ತರನ್ನು ನೋಡಿದರು.

“ಇದೆಲ್ಲ ಯಾಕೆ ಮಾಡಿದ್ರಿ?”

“ಹವ್ಯಾಸ ಸಾರ್” ಎಂದರು ಗುಮಾಸ್ತರು. ಆ ಪದ ಬಾಯಿಂದ ಹೊರಬೀಳುವ ಹೊತ್ತಿಗೆ ಅವರಿಗೆ ತಾವು ಎಲ್ಲಿ ನಿಂತಿದ್ದೇವೆ, ಯಾರ ರಟ್ಟೆ ಹಿಡಿದಿದ್ದೇವೆ ಎಂಬುದು ಹೊಳೆಯಿತು. ಕೈ ತಾನಾಗಿ ಕೆಳಗಿಳಿಯಿತು.

“ಒಳ್ಳೇ ಹವ್ಯಾಸ” ಎಂದರು ಮಾಲೀಕರು. “ಮನೆ ಖಾಲಿ ಮಾಡಿಸಬಹುದಿತ್ತು. ಮಾಡಿಸಲ್ಲ. ಮುಂದಿನ ಭಾನುವಾರದಿಂದ ಇನ್ನೊಂದು ಹವ್ಯಾಸ ಇಟ್ಕೊಳ್ಳಿ. ಮೊಳೆ ಕೀಳೋದು, ಗಾರೆ ಮೆತ್ತೋದು, ಸುಣ್ಣ ಬಳಿಯೋದು. ಈ ಕಡೆ ಗೋಡೆ, ಆ ಕಡೆ ಗೋಡೆ, ಎರಡೂ.”

“ಆಗ್ಲಿ ಸಾರ್.” ಗುಮಾಸ್ತರ ದನಿ ಪಾತಾಳಕ್ಕಿಳಿದಿತ್ತು. “ಸುಣ್ಣ, ಬ್ರಷ್ಷು ಎಲ್ಲ ನಿಮ್ಮ ಅಂಗಡೀಲೇ ಸಿಗುತ್ತಾ?”

ಮಾಲೀಕರು ಹೊಸ್ತಿಲು ದಾಟುತ್ತಾ ತಿರುಗಿ ನೋಡಿದರು.

“ಸಿಗುತ್ತೆ. ಏನ್ ಬೇಕಾದ್ರೂ ಕೇಳಿ, ಸುತ್ತಿಗೆ ಮಾತ್ರ ಕೇಳ್ಬೇಡಿ.”